ಹಳೆಯ ರೌಂಡ್ ಬೇಲರ್ ಕೊಳ್ಳುವಾಗ ಮೊದಲು ರೋಲರ್ ತುದಿ ನೋಡಿ

ನೀವು ಕೇಳಿರುವುದು ಹದಿನೈದು ಇಪ್ಪತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ರೌಂಡ್ ಬೇಲರ್, ಅಂದರೆ ಒಣಹುಲ್ಲನ್ನು ಉರುಳೆಯಾಗಿ ಸುತ್ತಿ ಕಟ್ಟುವ ಯಂತ್ರ, ತಗೊಳ್ಳಬಹುದಾ, ತಗೊಂಡರೆ ಏನೇನು ನೋಡಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು ಅಂತ. ಧಾರಾಳವಾಗಿ ತಗೊಳ್ಳಿ. ನಾನು ಇಷ್ಟು ವರ್ಷ ಹುಲ್ಲು ಕಟ್ಟಿರುವುದೆಲ್ಲ ಹಳೆಯ ಬೇಲರ್‌ಗಳಲ್ಲೇ. ಆದರೆ ಯಾವ ವರ್ಷದ್ದು, ಬಣ್ಣ ಹೇಗಿದೆ ಅನ್ನುವುದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಬೇಲರ್‌ಗೆ ಎಂಜಿನ್ ಇಲ್ಲ. ಒಂದಷ್ಟು ರೋಲರ್, ಪ್ರತಿ ರೋಲರ್‌ನ ಎರಡೂ ತುದಿಗೆ ಬೇರಿಂಗ್, ತಿರುಗಿಸಲು ಚೈನು, ಕೆಲವದರಲ್ಲಿ ಬೆಲ್ಟು, ಇಷ್ಟೇ. ಕೆಡುವುದೆಲ್ಲ ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ. ಪಕ್ಕದ ಕವರ್ ತೆಗೆದು, ಬಗ್ಗಿ ನೋಡುವ ತಾಳ್ಮೆ ನಿಮಗಿರಬೇಕು.

ಮೊದಲು ಯಾವ ಜಾತಿಯದ್ದು ಬೇಕು ಅಂತ ನಿರ್ಧರಿಸಿ. ಫಿಕ್ಸೆಡ್ ಚೇಂಬರ್ ಅಂದರೆ ಒಳಗಿನ ಜಾಗದ ಅಳತೆ ಬದಲಾಗುವುದಿಲ್ಲ. ಸುತ್ತ ರೋಲರ್ ಇರುತ್ತದೆ, ಇಲ್ಲವೇ ಚೈನಿಗೆ ಜೋಡಿಸಿದ ಪಟ್ಟಿಗಳು. ಜಾಗ ತುಂಬುವ ತನಕ ಹುಲ್ಲಿಗೆ ಒತ್ತಡ ಬೀಳುವುದಿಲ್ಲ, ಹಾಗಾಗಿ ಬೇಲ್ (ಕಟ್ಟಿದ ಹುಲ್ಲಿನ ಉರುಳೆ) ನಡುವೆ ಸಡಿಲ, ಹೊರಗೆ ಗಟ್ಟಿ. ವೇರಿಯಬಲ್ ಚೇಂಬರ್‌ನಲ್ಲಿ ಬೆಲ್ಟುಗಳು ಮೊದಲ ಹಿಡಿ ಹುಲ್ಲಿನಿಂದಲೇ ಒತ್ತಿ ಹಿಡಿಯುತ್ತವೆ, ಬೇಲ್ ಬೆಳೆದ ಹಾಗೆ ಹಿಗ್ಗುತ್ತವೆ. ಬೇಲ್ ಒಳಗಿನಿಂದಲೂ ಗಟ್ಟಿ, ಅಳತೆಯೂ ನಿಮಗೆ ಬೇಕಾದಷ್ಟು. ನಿಮ್ಮ ಕೆಲಸ ಕಡಿಮೆ ಇದ್ದರೆ ನಾನು ಫಿಕ್ಸೆಡ್ ಚೇಂಬರ್‌ನದ್ದೇ ಹೇಳುತ್ತೇನೆ, ಬೆಲ್ಟಿನ ತಲೆನೋವೇ ಇರುವುದಿಲ್ಲ. ಆದರೆ ನೀವು ಕಟ್ಟುವುದು ತೀರಾ ಒಣಗಿ ಪುಡಿಯಾಗುವ ಹುಲ್ಲಾದರೆ ನುಣುಪು ರೋಲರ್‌ಗಳ ನಡುವೆ ಅದು ಸುತ್ತಿಕೊಳ್ಳದೆ ಜಾರುತ್ತಾ ಕೂರುತ್ತದೆ. ಅಂಥ ಕಡೆ ಬೆಲ್ಟಿನದೇ ಒಳ್ಳೆಯದು.

ಅಳತೆಯ ವಿಷಯದಲ್ಲಿ ಆಸೆ ಮಾಡಬೇಡಿ. 4 ಅಡಿ ಅಗಲ, 4 ಅಡಿ ಎತ್ತರದ ಒಣಹುಲ್ಲಿನ ಬೇಲ್ ಸುಮಾರು 230ರಿಂದ 250 ಕೆ.ಜಿ. ತೂಗುತ್ತದೆ. ಅದೇ ಅಗಲಕ್ಕೆ ಎತ್ತರ 5 ಅಡಿ ಮಾಡಿದರೆ 380 ಕೆ.ಜಿ. ಹತ್ತಿರ ಹೋಗುತ್ತದೆ. ಒಂದೇ ಅಡಿ ಜಾಸ್ತಿ, ಹುಲ್ಲು ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಅಷ್ಟು ಭಾರವನ್ನು ನಿಮ್ಮ ಟ್ರ್ಯಾಕ್ಟರ್ ಎಳೆಯುತ್ತದಾ ಅನ್ನುವುದರ ಜೊತೆಗೆ, ಇಳಿಜಾರಿನಲ್ಲಿ ತಡೆದು ನಿಲ್ಲಿಸುತ್ತದಾ ಅಂತಲೂ ಯೋಚಿಸಿ. ಎಷ್ಟು ಎಚ್‌ಪಿ ಬೇಕು, ಎಷ್ಟು ಹೈಡ್ರಾಲಿಕ್ ಪಾಯಿಂಟ್ ಬೇಕು ಅನ್ನುವುದು ಆಯಾ ಮಾಡೆಲ್‌ನ ಪುಸ್ತಕದಲ್ಲಿ ಇರುತ್ತದೆ, ಹೋಗುವ ಮೊದಲೇ ಓದಿಕೊಂಡು ಹೋಗಿ.

ಯಂತ್ರ ನೋಡಲು ಹೋದಾಗ ಮೊದಲು ಅದು ಕಟ್ಟಿದ ಬೇಲ್ ತೋರಿಸಿ ಅಂತ ಕೇಳಿ. ಕೊಟ್ಟಿಗೆಯಲ್ಲೋ ಹೊಲದಲ್ಲೋ ಇದ್ದೇ ಇರುತ್ತದೆ. ಎರಡೂ ಬದಿ ಒಂದೇ ಸಮ ಇದೆಯಾ? ಅಂಚು ಗಟ್ಟಿಯಾಗಿದೆಯಾ? ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಅದು ಓಡಿಸಿದವರ ಕೈಯದ್ದೂ ಇರಬಹುದು, ಆದರೆ ವರ್ಷಗಟ್ಟಲೆ ಹಾಗೇ ಓಡಿಸಿದ್ದರೆ ಬೆಲ್ಟುಗಳು ಒಂದು ಬದಿಗೆ ಉಜ್ಜಿ ಅಂಚು ಹರಿದಿರುತ್ತವೆ. ಬೇಲ್ ನೋಡಿದ ಮೇಲೆ ಯಂತ್ರದಲ್ಲಿ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ಗೊತ್ತಾಗಿಬಿಡುತ್ತದೆ.

ಕೈ ಹಾಕುವ ಮೊದಲು ಒಂದು ಮಾತು, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಪಿಟಿಒ (ಟ್ರ್ಯಾಕ್ಟರ್‌ನಿಂದ ಬೇಲರ್‌ಗೆ ತಿರುಗುವ ಶಕ್ತಿ ಕೊಡುವ ಶಾಫ್ಟ್) ಆಫ್, ಟ್ರ್ಯಾಕ್ಟರ್ ಆಫ್, ಕೀ ನಿಮ್ಮ ಜೇಬಿನಲ್ಲಿ. ಹಿಂಬಾಗಿಲು ಎತ್ತಿದ್ದರೆ ಅದು ಕೆಳಗೆ ಬೀಳದಂತೆ ತಡೆಯುವ ಸಿಲಿಂಡರ್ ಲಾಕ್ ವಾಲ್ವ್ ಮುಚ್ಚಿದ ಮೇಲೆಯೇ ತಲೆ ಒಳಗೆ ಹಾಕುವುದು. ಪಿಟಿಒ ತಿರುಗುವ 540 ಆರ್‌ಪಿಎಂ ಅಂದರೆ ಸೆಕೆಂಡಿಗೆ 9 ಸುತ್ತು. ಪಿಕಪ್ (ನೆಲದ ಹುಲ್ಲನ್ನು ಎತ್ತಿ ಒಳಗೆ ಕೊಡುವ ಹಲ್ಲುಗಳ ಭಾಗ) ಎಳೆದುಕೊಂಡ ಹುಲ್ಲನ್ನು ಹಿಡಿದ ಕೈ ಬಿಡಬೇಕು ಅಂತ ನಿಮಗೆ ಅನ್ನಿಸುವಷ್ಟರಲ್ಲಿ ಕೈ ಒಳಗೆ ಹೋಗಿರುತ್ತದೆ. ಸಿಕ್ಕಿಕೊಂಡ ಹುಲ್ಲನ್ನು ಯಂತ್ರ ಓಡುವಾಗಲೇ ಬಿಡಿಸಲು ಹೋಗಿ ಕೈ ಕಳಕೊಂಡವರು ಎಷ್ಟೋ ಜನ.

ಈಗ ರೋಲರ್ ತುದಿಗೆ ಬನ್ನಿ. ಹಳೆಯ ಬೇಲರ್‌ನ ನಿಜವಾದ ಸ್ಥಿತಿ ಬರೆದಿರುವುದು ಇಲ್ಲೇ. ಟಾರ್ಚ್ ಹಿಡಿದು ಒಂದೊಂದೇ ಬೇರಿಂಗ್ ನೋಡುತ್ತಾ ಹೋಗಿ. ಬೇರಿಂಗ್ ಸುತ್ತ ಕೆಂಪು ಕಂದು ಬಣ್ಣದ ಸಣ್ಣ ಪುಡಿ ಕೂತಿದ್ದರೆ ಅದು ಧೂಳಲ್ಲ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಸವೆದು ಹೊರಗೆ ಬರುತ್ತಿದೆ. ಶಾಫ್ಟ್ ತುದಿ ನೀಲಿ ತಿರುಗಿದ್ದರೆ ಒಮ್ಮೆ ಚೆನ್ನಾಗಿ ಕಾದಿದೆ ಅಂತ. ಸೀಲ್ ಹತ್ತಿರ ಬೇಲ್ ಸುತ್ತುವ ದಾರ, ನೆಟ್ (ಬಲೆ), ಹುಲ್ಲು ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಚಾಕುವಿನಲ್ಲಿ ಕತ್ತರಿಸಿ ತೆಗೆದು ನೋಡಿ, ಅದು ಎಷ್ಟೋ ಸಲ ಸೀಲನ್ನೇ ಕಿತ್ತು ಹಾಕಿರುತ್ತದೆ, ಸೀಲ್ ಹೋದ ಮೇಲೆ ಬೇರಿಂಗ್ ಎಷ್ಟು ದಿನ ಬಂದೀತು? ಆಮೇಲೆ ಒಂದು ಕಬ್ಬಿಣದ ಸಲಾಕೆಯನ್ನು ರೋಲರ್ ಕೆಳಗೆ ಕೊಟ್ಟು ಮೇಲಕ್ಕೆ ಒತ್ತಿ. ಒಂದಿಷ್ಟು ಆಡಿದರೂ ಆ ಬೇರಿಂಗ್ ಲೆಕ್ಕದಿಂದ ಹೊರಗೆ.

ಬೇರಿಂಗ್ ಹೋಗಿದೆ ಅಂತ ತಿಳಿದ ತಕ್ಷಣ ಯಂತ್ರ ಬೇಡ ಅನ್ನಬೇಕಾಗಿಲ್ಲ. ಬೇರಿಂಗ್ ಬದಲಿಸಬಹುದು, ಬೆಲೆ ಇಳಿಸಿ ಕೇಳಲು ಅದೇ ಕಾರಣ. ಭಯಪಡಬೇಕಾದದ್ದು ಶಾಫ್ಟಿಗೆ. ಬೇರಿಂಗ್ ಒಳಗಿನ ರಿಂಗ್ ಶಾಫ್ಟ್ ಮೇಲೆ ಜಾರುತ್ತಾ ತಿರುಗಿದ್ದರೆ ಶಾಫ್ಟ್ ತೆಳ್ಳಗಾಗಿರುತ್ತದೆ, ಅಲ್ಲಿ ಹೊಸ ಬೇರಿಂಗ್ ಹಾಕಿದರೂ ನಿಲ್ಲುವುದಿಲ್ಲ. ಆಗ ರೋಲರ್ ಪೂರ್ತಿ ಬಿಚ್ಚಿ ಲೇತ್‌ಗೆ ಒಯ್ಯಬೇಕು, ಇಲ್ಲವೇ ಬೇರೆ ರೋಲರ್ ಹುಡುಕಬೇಕು. ಹಾಗಾಗಿ ಹೊಸ ಬೇರಿಂಗ್ ಹಾಕಿದ್ದೇವೆ ಅಂತ ಮಾರುವವರು ಹೇಳಿದರೆ ಯಾವ ರೋಲರಿಗೆ, ಯಾಕೆ ಹಾಕಿದಿರಿ, ಶಾಫ್ಟ್ ಹೇಗಿತ್ತು ಅಂತ ಕೇಳಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬದಲಿಸಿದ್ದಾರೆ ಅಂದರೆ ಶಾಫ್ಟ್ ಸವೆದಿದೆ, ಇಲ್ಲವೇ ಆ ರೋಲರ್ ಬಗ್ಗಿದೆ.

ಆಮೇಲೆ ಯಂತ್ರ ಓಡಿಸಿ ತೋರಿಸಲು ಹೇಳಿ. ದೂರ ನಿಂತು ಕೇಳಿಸಿಕೊಳ್ಳಿ. ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಎಲ್ಲ ನಿಲ್ಲಿಸಿ, ಗುರಿ ಹಿಡಿದು ಶಾಖ ಅಳೆಯುವ ಥರ್ಮಾಮೀಟರ್‌ನಿಂದ ಪ್ರತಿ ಬೇರಿಂಗ್‌ನ ಶಾಖ ನೋಡಿ. ಎಲ್ಲವೂ ಸ್ವಲ್ಪ ಬಿಸಿಯಾಗುತ್ತವೆ, ಅದು ಸಹಜ. ಅಕ್ಕಪಕ್ಕದ್ದೆಲ್ಲ ಒಂದು ಮಟ್ಟದಲ್ಲಿದ್ದು ಒಂದು ಮಾತ್ರ ಮೇಲೆ ಹೋಗಿದ್ದರೆ ಅದೇ ನಿಮ್ಮ ಕಳ್ಳ. ಓಡಿಸಿ ತೋರಿಸುವುದಿಲ್ಲ ಅಂದರೆ ನಾನಾಗಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತೇನೆ.

ಬೆಲ್ಟಿನ ಯಂತ್ರವಾದರೆ ಪ್ರತಿ ಬೆಲ್ಟನ್ನೂ ಪೂರ್ತಿ ಒಂದು ಸುತ್ತು ನೋಡಿ. ಅಂಚು ಕಿತ್ತು ದಾರ ಹೊರಗೆ ಬಂದಿದೆಯಾ, ಅಡ್ಡಡ್ಡ ಬಿರುಕು ಇದೆಯಾ, ಎಷ್ಟು ಜೋಡಣೆ ಇದೆ. ಪ್ರತಿ ಬೆಲ್ಟಿಗೆ ಒಂದೊಂದು ಜೋಡಣೆ ಸಾಮಾನ್ಯ. ಒಂದೇ ಬೆಲ್ಟಿಗೆ ಮೂರು ನಾಲ್ಕು ಜೋಡಣೆ ಇದ್ದರೆ ಅದು ಹರಿದು ಹರಿದು ಗಿಡ್ಡವಾಗಿದೆ. ಗಿಡ್ಡ ಬೆಲ್ಟ್ ಒಂದೇ ಭಾರವೆಲ್ಲ ಹೊರುತ್ತದೆ, ಉದ್ದದವು ಸಡಿಲಾಗಿ ಪಕ್ಕಕ್ಕೆ ಜರುಗುತ್ತವೆ. ಎಲ್ಲ ಬೆಲ್ಟುಗಳ ಉದ್ದ ಹತ್ತಿರ ಹತ್ತಿರ ಇರಬೇಕು, ಎರಡು ಮೂರು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತೊಂದರೆ ಶುರು. ಪೂರ್ತಿ ಸೆಟ್ ಹಾಕಿಸುವುದು ದೊಡ್ಡ ಖರ್ಚು, ಅದನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಚೈನ್ ನೋಡುವುದು ಸುಲಭ. ಚೈನ್ ಬಿಗಿ ಮಾಡುವ ಟೆನ್ಷನರ್ ಎಲ್ಲಿದೆ ನೋಡಿ, ಕೊನೆಯ ತನಕ ಬಂದಿದ್ದರೆ ಚೈನ್ ಮುಗಿದಿದೆ. ಅಳೆದೇ ನೋಡಬೇಕು ಅಂದರೆ, ಮುಕ್ಕಾಲು ಇಂಚು ಪಿಚ್‌ನ (ಒಂದು ಪಿನ್ನಿನಿಂದ ಇನ್ನೊಂದಕ್ಕಿರುವ ದೂರ) ಹೊಸ ಚೈನಿನಲ್ಲಿ 16 ಕೊಂಡಿಗೆ ಸರಿಯಾಗಿ 12 ಇಂಚು ಬರುತ್ತದೆ. ಬಿಗಿ ಹಿಡಿದು ಅಳೆದಾಗ ಅದಕ್ಕಿಂತ 9 ಮಿ.ಮೀ. ಜಾಸ್ತಿ ಬಂದರೆ ಶೇ. 3ರಷ್ಟು ಹಿಗ್ಗಿದೆ, ಬದಲಿಸುವ ಕಾಲ ಬಂತು. ಚೈನ್ ಕೂರುವ ಸ್ಪ್ರಾಕೆಟ್ ಚಕ್ರದ ಹಲ್ಲು ಕುಡುಗೋಲಿನ ಹಾಗೆ ಒಂದು ಕಡೆ ಬಾಗಿದ್ದರೆ ಚೈನ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ, ಹಳೇ ಹಲ್ಲು ಹೊಸ ಚೈನನ್ನು ಒಂದೇ ಸೀಸನ್‌ನಲ್ಲಿ ತಿಂದುಹಾಕುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ. ಕೊಳ್ಳುವಾಗ ಹಳೆಯ ಚೈನಿನ ಮೇಲಿನ ನಂಬರ್ ನೋಡಿ ತನ್ನಿ, 60 ನಂಬರ್ ಮತ್ತು 12ಬಿ ಎರಡೂ ಮುಕ್ಕಾಲು ಇಂಚಿನವೇ ಆದರೂ ಒಳಗಲ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಸರಿ ಕೂರುವುದಿಲ್ಲ.

ಪಿಕಪ್‌ನಲ್ಲಿ ಒಂದೆರಡು ಹಲ್ಲು ಮುರಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕೈಯಲ್ಲಿ ತಿರುಗಿಸಿದಾಗ ಹಲ್ಲುಗಳನ್ನು ತಿರುಗಿಸುವ ಪಕ್ಕದ ಕ್ಯಾಮ್ ದಾರಿಯಲ್ಲಿ ಟಕ್ ಟಕ್ ಅಂದರೆ ಮಾತ್ರ ಬಿಚ್ಚಿ ನೋಡಬೇಕು. ಎಳೆಯುವ ಕೊಕ್ಕೆಯ ಬುಡ, ಆಕ್ಸಲ್, ಹಿಂಬಾಗಿಲಿನ ಕೀಲು, ಈ ಮೂರು ಕಡೆ ಬಿರುಕು, ವೆಲ್ಡಿಂಗ್ ಹುಡುಕಿ. ಇಡೀ ಯಂತ್ರ ಮಾಸಿದ್ದು ಅಲ್ಲಿ ಮಾತ್ರ ಹೊಸ ಬಣ್ಣ ಕಂಡರೆ ಉಗುರಿನಿಂದ ಕೆರೆದು ನೋಡಿ. ಬಾಗಿಲು ಮುಚ್ಚಿ ಪ್ರೆಷರ್ ಕೊಟ್ಟು ಗೇಜ್ ಮೇಲೆ ಕಣ್ಣಿಡಿ, ಮುಳ್ಳು ಹಾಗೇ ಕೆಳಗೆ ಇಳಿಯುತ್ತಾ ಹೋದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಅಂಥ ಯಂತ್ರ ಎಷ್ಟು ತಿರುಗಿಸಿದರೂ ಬೇಲ್ ಗಟ್ಟಿಯಾಗುವುದಿಲ್ಲ. ದಾರ ಅಥವಾ ನೆಟ್ ಸುತ್ತುವುದನ್ನು ಕಣ್ಣಾರೆ ನೋಡಿ, ಕತ್ತರಿಸುವುದನ್ನೂ ನೋಡಿ. ಮಾನಿಟರ್ ಇರುವ ಯಂತ್ರವಾದರೆ ಅದು ಆನ್ ಆಗಲೇಬೇಕು. ಕಬ್ಬಿಣದ ಭಾಗವನ್ನು ಯಾರಾದರೂ ಮಾಡಿಕೊಟ್ಟಾರು, ಹಳೆಯ ಮಾಡೆಲ್‌ನ ಎಲೆಕ್ಟ್ರಾನಿಕ್ ಡಬ್ಬಿ ಸಿಗುವುದು ಕಷ್ಟ. ನನಗೆ ಕೇಳಿದರೆ ಕೈಯಿಂದಲೋ ಹಗ್ಗದಿಂದಲೋ ಕೆಲಸ ಮಾಡುವ ಸಾದಾ ಯಂತ್ರವೇ ಹಳೆಯದರಲ್ಲಿ ವಾಸಿ.

ಬಿಡಿಭಾಗದ ಬಗ್ಗೆ ಜನ ಭಯಪಡುತ್ತಾರೆ. ಬೇರಿಂಗ್, ಚೈನು, ಸೀಲು ಬಹುಪಾಲು ಎಲ್ಲ ಕಡೆ ಸಿಗುವ ನಂಬರಿನವೇ ಆಗಿರುತ್ತವೆ. ಬೇರಿಂಗ್ ಮುಖದ ಮೇಲೆ 6206 ಅಂತಿದ್ದರೆ ಕೊನೆಯ 06 ಅನ್ನು 5ರಿಂದ ಗುಣಿಸಿ, 30 ಮಿ.ಮೀ. ಶಾಫ್ಟಿನದು. 6207 ಅಂದರೆ 35. ಆದರೆ ಆರು ಮೂಲೆ ತೂತಿನವು, ಕಾಲರ್ ಹಾಕಿ ಬಿಗಿಯುವವು ಇರುತ್ತವೆ, ಅದನ್ನು ಬಿಚ್ಚಿದ್ದು ತೋರಿಸಿಯೇ ತನ್ನಿ. ರೋಲರ್, ಗೇರ್ ಬಾಕ್ಸ್, ಕ್ಯಾಮ್ ಮಾತ್ರ ಆಯಾ ಕಂಪನಿಯದ್ದೇ ಬೇಕು. ಅವು ಸಿಗುತ್ತವಾ ಅಂತ ಸೀರಿಯಲ್ ನಂಬರ್ ಹಿಡಿದು ಕೊಳ್ಳುವ ಮೊದಲೇ ವಿಚಾರಿಸಿ. ನಂಬರ್ ಪ್ಲೇಟ್ ಕಿತ್ತು ಹೋದ ಯಂತ್ರಕ್ಕೆ ಸರಿಯಾದ ಭಾಗ ಹುಡುಕುವುದು ಬಹಳ ಕಷ್ಟ.

ತಂದ ಮೇಲೆ ಮೊದಲ ಕೆಲಸ ಪಿಟಿಒ ಶಾಫ್ಟ್. ಎರಡು ಕೊಳವೆ ಸಲೀಸಾಗಿ ಜಾರಬೇಕು, ಮೇಲಿನ ಪ್ಲಾಸ್ಟಿಕ್ ಗಾರ್ಡ್ ಇರಬೇಕು, ಒಡೆದಿದ್ದರೆ ಮೊದಲು ಅದನ್ನು ಬದಲಿಸಿ. ಭಾರ ಹೆಚ್ಚಾದಾಗ ಜಾರಿ ಯಂತ್ರ ಉಳಿಸುವ ಸ್ಲಿಪ್ ಕ್ಲಚ್ ವರ್ಷಗಟ್ಟಲೆ ನಿಂತು ತುಕ್ಕಿಗೆ ಅಂಟಿಕೊಂಡಿರುತ್ತದೆ. ಅಂಟಿದ ಕ್ಲಚ್ ಜಾರಬೇಕಾದಾಗ ಜಾರುವುದಿಲ್ಲ, ಪೆಟ್ಟು ಗೇರ್ ಬಾಕ್ಸ್‌ಗೆ ಬೀಳುತ್ತದೆ. ಸ್ಪ್ರಿಂಗ್ ಬೋಲ್ಟ್ ಸಡಿಲಿಸಿ, ಒಂದೆರಡು ಕ್ಷಣ ಜಾರಿಸಿ, ಮತ್ತೆ ಪುಸ್ತಕದಲ್ಲಿ ಹೇಳಿದ ಅಳತೆಗೆ ಬಿಗಿಯಿರಿ. ಭಾರ ಹೆಚ್ಚಾದಾಗ ತಾನೇ ಮುರಿಯುವ ಶಿಯರ್ ಬೋಲ್ಟ್ ಇದ್ದರೆ ಅದೇ ಗ್ರೇಡಿನದ್ದು ಹಾಕಿ. ಮುರಿಯುತ್ತೆ ಅಂತ ಗಟ್ಟಿ ಬೋಲ್ಟ್ ಹಾಕಿದರೆ ಅದರ ಬದಲು ಬೇರೆ ಏನೋ ದೊಡ್ಡದು ಮುರಿಯುತ್ತದೆ.

ದಿನದ ಕೆಲಸ ಹೆಚ್ಚೇನಿಲ್ಲ. ಸಂಜೆ ಕೆಲಸ ಮುಗಿದ ತಕ್ಷಣ, ಚೈನ್ ಇನ್ನೂ ಬಿಸಿ ಇರುವಾಗಲೇ, ಯಂತ್ರ ನಿಲ್ಲಿಸಿ ಎಣ್ಣೆ ಹಾಕಿ, ಆಗ ಎಣ್ಣೆ ಪಿನ್ನಿನ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಹಾಕಿದ್ದು ಅರ್ಧ ಹಾರಿಹೋಗುತ್ತದೆ. ಗ್ರೀಸ್ ನಿಪ್ಪಲ್ ಇರುವ ಕಡೆ ಪುಸ್ತಕದಲ್ಲಿ ಹೇಳಿದಷ್ಟೇ ಹೊಡೆಯಿರಿ, ಸುಮ್ನೆ ಜಾಸ್ತಿ ಹೊಡೆದರೆ ಸೀಲ್ ಹೊರಗೆ ಬರುತ್ತದೆ. ರೋಲರ್ ತುದಿಗೆ ಸುತ್ತಿದ್ದನ್ನು ಅವತ್ತೇ ಕತ್ತರಿಸಿ ತೆಗೆಯಿರಿ. ಗಾಳಿ ಹೊಡೆದು ಹೊಟ್ಟು, ಧೂಳು ತೆಗೆಯಿರಿ. ಒಣ ಹೊಟ್ಟು ತುಂಬಿಕೊಂಡ ಮೂಲೆ, ಪಕ್ಕದಲ್ಲೇ ಕೆಂಪಗೆ ಕಾದ ಬೇರಿಂಗ್. ಬೇಲರ್‌ಗಳಿಗೆ ಬೆಂಕಿ ಹತ್ತುವುದು ಹೀಗೇ. ನೀರಿನ ಅಗ್ನಿಶಾಮಕ ಒಂದು ಟ್ರ್ಯಾಕ್ಟರ್‌ನಲ್ಲೇ ಇರಲಿ, ಸುಟ್ಟ ವಾಸನೆ ಬಂದರೆ ಈ ಸಾಲು ಮುಗಿಸೋಣ ಅನ್ನದೆ ತಕ್ಷಣ ನಿಲ್ಲಿಸಿ.

ಓಡಿಸುವ ರೀತಿಯೂ ಯಂತ್ರದ ಆಯಸ್ಸಿಗೆ ಸೇರಿದ್ದೇ. ಹುಲ್ಲಿನ ಸಾಲು ಚೇಂಬರ್‌ನಷ್ಟೇ ಅಗಲ ಇದ್ದರೆ ನೇರ ಹೋಗಿ. ಕಿರಿದಾಗಿದ್ದರೆ ಒಂದು ಬದಿಗೆ ತಿನ್ನಿಸುತ್ತಾ ಸ್ವಲ್ಪ ದೂರ ಹೋಗಿ, ಚುರುಕಾಗಿ ಇನ್ನೊಂದು ಬದಿಗೆ ಬದಲಿಸಿ. ಹಾವಿನ ನಡಿಗೆ ಬೇಡ, ಹಾಗೆ ಹೋದರೆ ಹುಲ್ಲೆಲ್ಲ ನಡುವಿಗೇ ಬಿದ್ದು ಬೇಲ್ ಹೊಟ್ಟೆ ಉಬ್ಬಿ ಬರುತ್ತದೆ, ಅಂಚಿನ ಬೆಲ್ಟುಗಳು ಸಡಿಲಾಗುತ್ತವೆ. ಪಿಕಪ್ ಹಲ್ಲು ನೆಲ ಕೆರೆಯಬಾರದು, ಎರಡು ಮೂರು ಇಂಚು ಮೇಲಿರಲಿ. ಹುಲ್ಲಿನ ತೇವ ಶೇ. 15ರಿಂದ 18ರ ಒಳಗೆ ಬಂದ ಮೇಲೆ ಕಟ್ಟಿ. ಶೇ. 20 ದಾಟಿದ್ದನ್ನು ಕಟ್ಟಿ ಪೇರಿಸಿದರೆ ಬೇಲ್ ಒಳಗೇ ಕಾಯುತ್ತದೆ, ಬೂಸ್ಟು ಹಿಡಿಯುತ್ತದೆ.

ಸೀಸನ್ ಮುಗಿದಾಗ ಚೇಂಬರ್ ಒಳಗೆ ಒಂದು ಹಿಡಿ ಹುಲ್ಲೂ ಬಿಡಬೇಡಿ, ಅದು ತೇವ ಹೀರಿ ತಗಡನ್ನು ತಿನ್ನುತ್ತದೆ, ಇಲಿಗೂ ಮನೆ. ಉಜ್ಜಿ ಹೊಳೆಯುವ ತಗಡಿಗೆ ಎಣ್ಣೆಯೋ ಗ್ರೀಸೋ ಬಳಿಯಿರಿ, ಬೆಲ್ಟ್ ಬಿಗಿ ಇಳಿಸಿ, ಸಿಲಿಂಡರ್ ರಾಡ್ ಒಳಗೆ ಎಳೆದಿಡಿ, ಮಾನಿಟರ್ ಬಿಚ್ಚಿ ಮನೆಯೊಳಗೆ ಇಡಿ. ನೆರಳಿನಲ್ಲಿ ನಿಲ್ಲಿಸಿ, ಬಿಸಿಲು ರಬ್ಬರನ್ನು ಬೇಗ ಕೊಲ್ಲುತ್ತದೆ. ಯಾವ ಬೇರಿಂಗ್ ಸದ್ದು ಮಾಡುತ್ತಿತ್ತು, ಯಾವ ಬೆಲ್ಟ್ ಜರುಗುತ್ತಿತ್ತು, ಯಾವ ಚೈನ್ ಕೊನೆಗೆ ಬಂದಿದೆ ಅನ್ನುವುದನ್ನು ಅದೇ ವಾರ ಬರೆದಿಡಿ. ಆ ಸಾಮಾನು ಈಗಲೇ ತರಿಸಿ ಹಾಕಿಬಿಡಿ, ಹುಲ್ಲು ಕೊಯ್ದು ಮಳೆ ಮೋಡ ಕಟ್ಟಿದ ಮೇಲೆ ಅಂಗಡಿ ಹುಡುಕುವ ಪಾಡು ಬೇಡ.