ಬಾಯಿ ಕಟ್ಟದಿರುವುದಷ್ಟೇ ಕಾರಣವೇ?

ಆಧುನಿಕ ಸಮಾಜದಲ್ಲಿ ಇಷ್ಟೊಂದು ಜನ ದಪ್ಪಗಾಗುತ್ತಿರುವುದು ಏಕೆ, ಏರಿದ ತೂಕವನ್ನು ಇಳಿಸಲು ಆಗದಿರುವುದು ಏಕೆ, ಬಾಯಿ ಕಟ್ಟುವ ಸಂಯಮ ಕಡಿಮೆಯಾಗಿದೆ ಎನ್ನುವುದೇ ಇದಕ್ಕೆ ನೇರ ಉತ್ತರವಲ್ಲವೇ ಎಂದು ಕೇಳಿದ್ದೀರಿ. ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವನು; ಜೊತೆಗೆ 32ನೆಯ ವಯಸ್ಸಿನಿಂದ 42ರ ಒಳಗೆ 12 ಕಿಲೋ ಹೆಚ್ಚಿಸಿಕೊಂಡವನು. ಹಾಗಾಗಿ ಈ ವಿಷಯದಲ್ಲಿ ನನ್ನನ್ನು ಪೂರ್ತಿ ನಿಷ್ಪಕ್ಷಪಾತಿ ಎಂದು ಭಾವಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಅಂಶಗಳ ಪ್ರಕಾರ 1990ರಿಂದ 2022ರ ಒಳಗೆ ವಯಸ್ಕರಲ್ಲಿ ಬೊಜ್ಜಿನ ಪ್ರಮಾಣ ಎರಡು ಪಟ್ಟು ಮೀರಿದೆ, ಹದಿಹರೆಯದವರಲ್ಲಿ ನಾಲ್ಕು ಪಟ್ಟಾಗಿದೆ. 2022ರಲ್ಲಿ ಸುಮಾರು 250 ಕೋಟಿ ವಯಸ್ಕರ ತೂಕ ಮಿತಿಗಿಂತ ಹೆಚ್ಚಿತ್ತು. ಅವರಲ್ಲಿ 89 ಕೋಟಿ ಜನರದು ಬೊಜ್ಜು ಎನ್ನುವಷ್ಟು ಹೆಚ್ಚು. ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಇಷ್ಟು ದೇಶಗಳ ಮಕ್ಕಳೂ ದೊಡ್ಡವರೂ ಮಾತಾಡಿಕೊಂಡವರಂತೆ ಒಟ್ಟಿಗೇ ಸಂಯಮ ಕಳೆದುಕೊಂಡರು ಎಂದರೆ ನಂಬುವುದು ಕಷ್ಟ. ವಂಶವಾಹಿಗಳೂ ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಕೈಗೆಟಕುವ ದೂರದಲ್ಲಿರುವ ಆಹಾರ, ಅದರಲ್ಲೂ ಅದನ್ನು ತಯಾರಿಸುವ ರೀತಿ ಎನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ನಾನು ಬಹಳ ನೆಚ್ಚಿಕೊಂಡಿರುವ ಆಧಾರವೆಂದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ. 20 ಜನರನ್ನು ನಾಲ್ಕು ವಾರ ಅಲ್ಲಿಯೇ ಉಳಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಇನ್ನೆರಡು ವಾರ ಹೆಚ್ಚು ಸಂಸ್ಕರಣೆಗೆ ಒಳಗಾಗದ ಆಹಾರವನ್ನೂ ಕೊಟ್ಟರು. ತಟ್ಟೆಯಲ್ಲಿ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ. ಸಂಸ್ಕರಿಸಿದ ಆಹಾರದಲ್ಲಿ ನಾರು ಸಾಲದೆ ಬಂದದ್ದರಿಂದ ಅದನ್ನು ಪಾನೀಯಗಳಲ್ಲಿ ಕರಗಿಸಿ ಕೊಡಬೇಕಾಯಿತು ಎನ್ನುವುದೇ ಅದರ ಸ್ವರೂಪದ ಬಗ್ಗೆ ಸಾಕಷ್ಟು ಹೇಳುತ್ತದೆ. ಬೇಕಾದಷ್ಟು ತಿನ್ನಿ, ಬೇಡವಾದದ್ದನ್ನು ಬಿಡಿ ಎಂಬುದೊಂದೇ ಸೂಚನೆ. ಎರಡೂ ಊಟಗಳು ಹೆಚ್ಚುಕಡಿಮೆ ಒಂದೇ ರೀತಿ ಹಿಡಿಸಿದವು ಎಂದು ತಿಂದವರೇ ಹೇಳಿದರು. ಆದರೂ ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು, ಬೇಗಬೇಗನೆ ತಿಂದರು, ಎರಡು ವಾರಗಳಲ್ಲಿ ಸುಮಾರು 0.9 ಕಿಲೋ ಹೆಚ್ಚಿದರು. ಇನ್ನೊಂದು ಆಹಾರದಲ್ಲಿ ಅಷ್ಟೇ ತೂಕ ಇಳಿದರು. ಅದೇ 20 ಜನ, ಅದೇ ಸಂಯಮ.

ಆ ಪ್ರಬಂಧವನ್ನು ಓದಿದಾಗ ನನಗೆ ನೆನಪಾದದ್ದು ಉತ್ತರಪತ್ರಿಕೆ ತಿದ್ದುವ ರಾತ್ರಿಗಳು. ಮೇಜಿನ ಎಡಗಡೆ ಬಿಸ್ಕತ್ತಿನ ಪೊಟ್ಟಣ, ಬಲಗೈಯಲ್ಲಿ ಕೆಂಪು ಪೆನ್ನು. ಎಡಗೈ ತಾನಾಗಿ ಹೋಗಿ ಬರುತ್ತಿತ್ತು. ಬೆರಳಿಗೆ ಬರೀ ಪುಡಿ ಸಿಕ್ಕಾಗಲೇ ಪೊಟ್ಟಣ ಮುಗಿದದ್ದು ಗೊತ್ತಾಗುತ್ತಿತ್ತು. ಹಸಿವಾಗಿತ್ತೇ ಎಂದರೆ ಇಲ್ಲ, ಊಟ ಮುಗಿದು ಒಂದು ಗಂಟೆಯೂ ಆಗಿರಲಿಲ್ಲ. ಹೊಟ್ಟೆ ತುಂಬಿತು ಎಂಬ ಸುದ್ದಿ ಜಠರದಿಂದ, ಕರುಳಿನಿಂದ ಮಿದುಳಿಗೆ ಮುಟ್ಟಲು ಸಮಯ ಬೇಕು. ನೀರು ಮತ್ತು ನಾರನ್ನು ತೆಗೆದು, ಹಿಟ್ಟು, ಸಕ್ಕರೆ, ಕೊಬ್ಬುಗಳನ್ನು ಒತ್ತಾಗಿ ಸೇರಿಸಿ, ಅಗಿಯುವ ಶ್ರಮವನ್ನೂ ಉಳಿಸಿದ ತಿಂಡಿ ಆ ಸುದ್ದಿ ಹೊರಡುವ ಮೊದಲೇ ಒಳಗಿಳಿದಿರುತ್ತದೆ. ಸಿಹಿ ಪಾನೀಯಗಳಂತೂ ಇನ್ನೂ ಜಾಣ. ಕುಡಿದ ಕ್ಯಾಲೊರಿಗೆ ತಕ್ಕಷ್ಟು ಮುಂದಿನ ಊಟವನ್ನು ದೇಹ ಕಡಿಮೆ ಮಾಡಿಕೊಳ್ಳುವುದಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಜನ ತಪ್ಪಾಗಿ ಹಾಕುತ್ತಾರೆ, ನಾನೂ ಹಾಕಿದ್ದೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಹತ್ತು ವರ್ಷಕ್ಕೆ 12 ಕಿಲೋ ಎಂದರೆ ದಿನಕ್ಕೆ 25 ಕ್ಯಾಲೊರಿ, ಅರ್ಧ ಬಿಸ್ಕತ್ತಿನಷ್ಟು ಹೆಚ್ಚಾಯಿತು ಅಷ್ಟೇ ಎಂದು ಸಮಾಧಾನಪಟ್ಟುಕೊಂಡಿದ್ದೆ. ಆದರೆ ಭಾರವಾದ ದೇಹ ಹೆಚ್ಚು ಶಕ್ತಿಯನ್ನು ಉರಿಸುತ್ತದೆ. ಹೆಚ್ಚಿದ ಪ್ರತಿ ಕಿಲೋವನ್ನು ಉಳಿಸಿಕೊಳ್ಳುವುದಕ್ಕೇ ದಿನಕ್ಕೆ ಸುಮಾರು 24 ಕ್ಯಾಲೊರಿ ಬೇಕು ಎಂಬುದು ಹಾಲ್ ಅವರದೇ ಇನ್ನೊಂದು ಲೆಕ್ಕಾಚಾರ. ಅಂದರೆ 42ರ ನಾನು 32ರ ನನಗಿಂತ ದಿನಕ್ಕೆ 280ಕ್ಕೂ ಹೆಚ್ಚು ಕ್ಯಾಲೊರಿ ತಿನ್ನುತ್ತಿದ್ದೆ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಮೈ ಬಗ್ಗಿಸಿ ದುಡಿಯುವುದು ಕಡಿಮೆಯಾದದ್ದೂ ಕಾರಣವೇ, ಆದರೆ ಸಾಮಾನ್ಯವಾಗಿ ಹೇಳುವಷ್ಟು ದೊಡ್ಡದಲ್ಲ ಎಂದು ನನಗನಿಸುತ್ತದೆ. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವ ಹಾಡ್ಜಾ ಜನರನ್ನು ಹರ್ಮನ್ ಪಾಂಟ್ಜರ್ ತಂಡ ಅಳೆದಾಗ, ದೇಹದ ಗಾತ್ರವನ್ನು ಪರಿಗಣಿಸಿ ನೋಡಿದರೆ ಅವರು ದಿನಕ್ಕೆ ಉರಿಸುವ ಒಟ್ಟು ಶಕ್ತಿ ಕುಳಿತು ಕೆಲಸ ಮಾಡುವ ಪಾಶ್ಚಾತ್ಯರಿಗಿಂತ ಹೆಚ್ಚೇನೂ ಇರಲಿಲ್ಲ. ಇದು 2012ರ ಫಲಿತಾಂಶ. ನಡಿಗೆಯಿಂದ ಹೃದಯಕ್ಕೆ ಆಗುವ ಲಾಭ ಬೇರೆ ಮಾತು.

ಹಾಗಾದರೆ ಅದೇ ಆಹಾರದ ನಡುವೆ ಕೆಲವರು ತೆಳ್ಳಗೇ ಉಳಿಯುವುದು ಹೇಗೆ ಎಂದು ನೀವು ಕೇಳಬಹುದು. ಕೆನಡಾದಲ್ಲಿ ಕ್ಲೋಡ್ ಬುಶಾರ್ ತಂಡ 12 ಜೋಡಿ ತದ್ರೂಪಿ ಅವಳಿಗಳಿಗೆ ಸುಮಾರು ನೂರು ದಿನಗಳ ಅವಧಿಯಲ್ಲಿ 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಾಗಿ ಉಣಿಸಿತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಬ್ಬರು 4.3 ಕಿಲೋ ಹೆಚ್ಚಿದರೆ ಇನ್ನೊಬ್ಬರು 13.3 ಕಿಲೋ ಹೆಚ್ಚಿದ್ದರು. ಆದರೆ ಒಂದೇ ಜೋಡಿಯ ಇಬ್ಬರ ಏರಿಕೆ ಬಹುಮಟ್ಟಿಗೆ ಹತ್ತಿರಹತ್ತಿರವಿತ್ತು. ಯಾರ ಮೈಗೆ ಎಷ್ಟು ಹತ್ತುತ್ತದೆ ಎಂಬುದರಲ್ಲಿ ಹುಟ್ಟಿನ ಪಾಲು ದೊಡ್ಡದು. ನಿದ್ದೆಗೆಡುವುದು, ಕೆಲವು ಔಷಧಗಳು, ವಯಸ್ಸು ಇವೂ ಸೇರುತ್ತವೆ.

ಇನ್ನು, ಏರಿದ್ದನ್ನು ಇಳಿಸಲು ಏಕೆ ಆಗುವುದಿಲ್ಲ ಎಂಬುದು ನಿಮ್ಮ ಪ್ರಶ್ನೆಯ ಉಳಿದರ್ಧ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಅದರ ವಂಶವಾಹಿಯನ್ನು ಗುರುತಿಸಿತು. ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿಯುತ್ತದೆ, ಮಿದುಳು ಅದನ್ನು ಬರಗಾಲ ಬಂದಂತೆ ಭಾವಿಸಿ ಹಸಿವನ್ನು ಏರಿಸುತ್ತದೆ, ಖರ್ಚನ್ನು ತಗ್ಗಿಸುತ್ತದೆ. ದೂರದರ್ಶನದ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕಿಲೋ ಇಳಿಸಿದ್ದ 14 ಜನರನ್ನು ಆರು ವರ್ಷಗಳ ನಂತರ ಅಳೆದಾಗ ಸರಾಸರಿ 41 ಕಿಲೋ ಮರಳಿ ಬಂದಿತ್ತು; ಅಷ್ಟಾದರೂ ವಿಶ್ರಾಂತಿಯಲ್ಲಿ ಅವರ ದೇಹ ಉರಿಸುತ್ತಿದ್ದ ಶಕ್ತಿ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಬಾಯಿ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ನನಗಂತೂ ಗೊತ್ತಿಲ್ಲ.

ನಾನು ಮಾಡಿದ್ದು ಇಷ್ಟೇ: ಪೊಟ್ಟಣಗಳನ್ನು ಮನೆಗೆ ತರುವುದನ್ನು ನಿಲ್ಲಿಸಿದೆ. ಎರಡು ವರ್ಷದಲ್ಲಿ 5 ಕಿಲೋ ಇಳಿಯಿತು, ಆಮೇಲೆ 2 ಕಿಲೋ ವಾಪಸು ಬಂತು. ತಿದ್ದುವಾಗ ಎಡಗೈ ಈಗಲೂ ಆಗಾಗ ಮೇಜಿನ ಆ ಮೂಲೆಯನ್ನು ತಡಕುತ್ತದೆ.