ಕೊರಗಿನಿಂದ ಜೀವ ಹೋಗುತ್ತಾ?

ದೊಡ್ಡಪ್ಪ ತೀರಿಕೊಂಡ ಮೂರನೇ ವಾರಕ್ಕೆ ದೊಡ್ಡಮ್ಮನೂ ಹೋದರು, ಊರವರೆಲ್ಲ "ಕೊರಗಿನಲ್ಲೇ ಹೋದ್ಲು" ಅಂದರು, ಇದು ನಿಜವಾ ಅಂತ ಕೇಳಿದ್ದೀರಿ. ಈಗ ನಿಮ್ಮ ಅಮ್ಮ ಹೋಗಿ ಒಂದು ತಿಂಗಳಾಯಿತು, ಅಪ್ಪ ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ, ಭಯವಾಗುತ್ತೆ ಅಂತಲೂ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಹೃದಯದ ಐಸಿಯುನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಅಲ್ಲಿ ಕಂಡದ್ದು, ಆಮೇಲೆ ಓದಿದ್ದು ಸೇರಿಸಿ ಹೇಳುತ್ತೇನೆ.

ದುಃಖದಿಂದ ಜೀವ ಹೋಗಬಹುದು, ನಿಜ. ಆದರೆ ನಾವು ಅಂದುಕೊಂಡಿರುವ ರೀತಿಯಲ್ಲಿ ಹೋಗುವುದು ಕಡಿಮೆ.

ಸುದ್ದಿ ಕೇಳಿದ ಕೂಡಲೇ ಎದೆ ಹಿಡಿದುಕೊಂಡು ಕುಸಿಯುತ್ತಾರಲ್ಲ, ಅಂಥ ಒಂದು ಕಾಯಿಲೆ ನಿಜಕ್ಕೂ ಇದೆ. ಹೆಸರು ಟಾಕೋಟ್ಸುಬೊ. 1990ರಲ್ಲಿ ಜಪಾನಿನ ಹಿರೋಷಿಮಾದಲ್ಲಿ ಹಿಕಾರು ಸಾಟೋ ಮತ್ತು ಅವರ ಜೊತೆಯ ವೈದ್ಯರು ಇದನ್ನು ಮೊದಲು ವಿವರಿಸಿದರು. ತಡೆಯಲಾಗದ ಆಘಾತವಾದಾಗ ಅಡ್ರಿನಾಲಿನ್ ಥರದ ಹಾರ್ಮೋನುಗಳು ಒಮ್ಮೆಲೇ ರಕ್ತಕ್ಕೆ ನುಗ್ಗುತ್ತವೆ. ಮೈಗೆಲ್ಲ ರಕ್ತ ತಳ್ಳುವ, ಹೃದಯದ ಎಡಗಡೆಯ ಕೋಣೆಯ ತುದಿ ಮಂಕಾಗಿ ಊದಿಕೊಳ್ಳುತ್ತದೆ. ಮೇಲಿನ ಭಾಗ ಮಾತ್ರ ಜೋರಾಗಿ ಹಿಂಡುತ್ತಿರುತ್ತದೆ. ಚಿತ್ರದಲ್ಲಿ ನೋಡಿದರೆ ಅಲ್ಲಿನ ಮೀನುಗಾರರು ಅಕ್ಟೋಪಸ್ ಹಿಡಿಯುವ ಮಡಕೆಯ ಆಕಾರ, ಅದರಿಂದಲೇ ಈ ಹೆಸರು.

ನಮ್ಮ ವಾರ್ಡಿಗೆ ಒಬ್ಬ ತಾಯಿ ಬಂದಿದ್ದರು. ಮಗನ ಮಣ್ಣು ಮುಗಿಸಿ ಮನೆಗೆ ಬಂದ ಸಂಜೆ ಎದೆನೋವು, ಬೆವರು. ಇಸಿಜಿ ಪಕ್ಕಾ ಹಾರ್ಟ್ ಅಟ್ಯಾಕ್ ಥರ ಇತ್ತು, ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಟ್ರೋಪೋನಿನ್ ಕೂಡ ಏರಿತ್ತು. ಆಂಜಿಯೋಗ್ರಾಂ ಮಾಡಿದರೆ ಒಂದೂ ಬ್ಲಾಕ್ ಇಲ್ಲ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಆ ಊದಿದ ತುದಿ ಕಂಡಿತು. ಕೆಲವು ವಾರಗಳ ನಂತರ ಚೆಕಪ್‌ಗೆ ಬಂದಾಗ ಹೃದಯ ಮೊದಲಿನ ಹಾಗೇ ಹಿಂಡುತ್ತಿತ್ತು.

ಇದು ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಮುಟ್ಟು ನಿಂತ ವಯಸ್ಸಿನವರೇ ಜಾಸ್ತಿ. ಹೆಚ್ಚಿನವರು ಉಳಿಯುತ್ತಾರೆ. 2015ರಲ್ಲಿ ಪ್ರಕಟವಾದ, 1,750 ರೋಗಿಗಳ ದೊಡ್ಡ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ತೀರಿಕೊಂಡವರು ನೂರಕ್ಕೆ ನಾಲ್ವರು. ವಿಚಿತ್ರ ಅಂದರೆ, ಅಪರೂಪಕ್ಕೆ ಅತಿಯಾದ ಸಂತೋಷದಿಂದಲೂ ಇದು ಬರುತ್ತದೆ.

ಇನ್ನೊಂದು, ನಿಜವಾದ ಹಾರ್ಟ್ ಅಟ್ಯಾಕೇ ಆಗುವುದು. ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಆಗಿ ಬದುಕಿದ ಸುಮಾರು 2,000 ಜನರನ್ನು ವಿಚಾರಿಸಿ ಹಾಕಿದ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಆಪ್ತರು ಸತ್ತ ಮೊದಲ ದಿನ ಅಪಾಯ ಮಾಮೂಲಿಗಿಂತ 21 ಪಟ್ಟು. ಹೆದರಬೇಡಿ, ಒಬ್ಬ ಆರೋಗ್ಯವಂತನಿಗೆ ಒಂದು ದಿನದ ಅಪಾಯ ಮೊದಲೇ ಬಹಳ ಚಿಕ್ಕದು, 21 ಪಟ್ಟಾದರೂ ಚಿಕ್ಕದೇ. ಆದರೆ ಮೊದಲೇ ಬ್ಲಾಕ್, ಬಿಪಿ, ಶುಗರ್ ಇದ್ದವರಿಗೆ ಹಾಗಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ಹೋದ ಸುದ್ದಿ ಕೇಳಿ ಹೃದಯಾಘಾತದಿಂದ ಅಭಿಮಾನಿಗಳು ಸತ್ತರು ಅಂತ ಪೇಪರಿನಲ್ಲಿ ಓದಿದ್ದೆವು, ಅಲ್ವಾ? ಅಭಿಮಾನ ಜಾಸ್ತಿಯಾಯಿತು ಅಂತ ಸುಮ್ನೆ ನಗುವವರಿಗೆ ಹೃದಯ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲ.

ಪ್ರೀತಿ ಮುರಿದುಬಿದ್ದ ಹುಡುಗ ಹುಡುಗಿಯರ ಎದೆ ತಾನಾಗಿ ನಿಲ್ಲುವುದು ತೀರಾ ಅಪರೂಪ. ಅವರ ವಿಷಯದಲ್ಲಿ ಹೆದರಬೇಕಾದ್ದು ಜೀವ ತೆಗೆದುಕೊಳ್ಳುವ ಯೋಚನೆಗೆ. ಅಂಥ ಮಾತು ಕಿವಿಗೆ ಬಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ದೊಡ್ಡಮ್ಮನ ವಿಷಯ. ಮೂರು ವಾರದ ನಂತರ ಅಂದರೆ ಅದು ಸುದ್ದಿ ಕೇಳಿದ ಕ್ಷಣದ ಆಘಾತ ಅಲ್ಲ. 1969ರಲ್ಲಿ ಬ್ರಿಟನ್ನಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಜೊತೆಯವರು 55 ದಾಟಿದ, ಹೆಂಡತಿಯನ್ನು ಕಳೆದುಕೊಂಡ 4,486 ಗಂಡಸರ ಲೆಕ್ಕ ಪ್ರಕಟಿಸಿದರು. ಮೊದಲ ಆರು ತಿಂಗಳಲ್ಲಿ ಸಾವು ಅದೇ ವಯಸ್ಸಿನ ಬೇರೆ ಗಂಡಸರಿಗಿಂತ ಶೇಕಡಾ 40 ಜಾಸ್ತಿ. ಆ ಹೆಚ್ಚಳ ಮುಖ್ಯವಾಗಿ ಹೃದಯದ ಕಾಯಿಲೆಯಿಂದ.

ಆ ಆರು ತಿಂಗಳಲ್ಲಿ ಏನಾಗುತ್ತದೆ ಅಂತ ನನಗೆ ವಾರ್ಡಿನಲ್ಲಿ ಗೊತ್ತಾಯಿತು. ತಿಥಿವರೆಗೆ ಮನೆ ತುಂಬ ಜನ. ಕಾಫಿ ಕೊಡುವವರಿದ್ದಾರೆ, ಬಲವಂತ ಮಾಡಿ ಎರಡು ತುತ್ತು ಉಣ್ಣಿಸುವವರಿದ್ದಾರೆ. ಎಲ್ಲರೂ ಊರಿಗೆ ಹೊರಟ ಮೇಲೆ ಒಂಟಿ. ಬಿಪಿ ಮಾತ್ರೆ ನಿಂತಿರುತ್ತದೆ. ಕೆಲವು ಹೃದಯದ ಮಾತ್ರೆಗಳನ್ನು, ಉದಾಹರಣೆಗೆ ಮೆಟೊಪ್ರೊಲಾಲ್, ಒಮ್ಮೆಲೇ ಬಿಟ್ಟರೆ ಅದೇ ಒಂದು ಅಪಾಯ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಶುಗರ್ ಇಳಿದು ಪ್ರಜ್ಞೆ ತಪ್ಪುತ್ತದೆ. ಗಂಡಸರ ಪಾಡು ಇನ್ನೂ ಕಷ್ಟ. ಎಷ್ಟೋ ಜನರಿಗೆ ತಮ್ಮ ಮಾತ್ರೆ ಯಾವ ಡಬ್ಬಿಯಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಕೈಗಿಡುತ್ತಿದ್ದವಳೇ ಹೋಗಿರುತ್ತಾಳೆ. ಇದಕ್ಕೆಲ್ಲ ಕೊರಗು ಅಂತ ಒಂದೇ ಹೆಸರು ಕೊಟ್ಟು ಮುಗಿಸಿಬಿಡುತ್ತೇವೆ. ನನಗೆ ಸಿಟ್ಟು ಬರುವುದು ಅದಕ್ಕೇ. ಇದರಲ್ಲಿ ಅರ್ಧ ನಮ್ಮ ಕೈಯಲ್ಲಿರುವಂಥದ್ದು.

ಹಾಗಾಗಿ ಅಪ್ಪನ ಮಾತ್ರೆ ಚೀಟಿ ಹುಡುಕಿ, ಎಷ್ಟು ಉಳಿದಿದೆ ಎಣಿಸಿ ನೋಡಿ. ಎದೆ ಬಿಗಿತ, ಬೆವರು, ಏದುಸಿರು ಬಂದರೆ "ಅತ್ತೂ ಅತ್ತೂ ಹಾಗಾಗಿದೆ, ನಿಂಬೆ ಶರಬತ್ತು ಕೊಡಿ" ಅನ್ನುವವರ ಮಾತು ಕೇಳಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಕಡೆ ಹೋಗಿ. ಶುಗರ್ ಇರುವ ವಯಸ್ಸಾದವರಿಗೆ ನೋವೇ ಬಾರದೆ ಬರೀ ಸುಸ್ತು, ಉಬ್ಬಸ ಬರಬಹುದು.

ರಾತ್ರಿ ಎದ್ದು ಕೂತಿರುತ್ತಾರೆ ಅಂದಿರಲ್ಲ, ಅದು ನಿದ್ದೆ ಬಾರದೆಯೋ ಅಥವಾ ಮಲಗಿದರೆ ಉಸಿರು ಕಟ್ಟುತ್ತದೆಯೋ ಅಂತ ಇವತ್ತೇ ಕೇಳಿ. ಉಸಿರು ಕಟ್ಟುತ್ತದೆ ಅಂದರೆ, ಕಾಲು ಊದಿದ್ದರಂತೂ, ಕಾಯಬೇಡಿ. ಇವತ್ತೇ ಹೃದಯದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಎಕೋ ಮಾಡಿಸಿ.