ಅಜ್ಜನ ಮನೆ ಸುತ್ತ ಒಂದೂವರೆ ಎಕರೆ ಕಾಡು ಬೆಳ್ದಿದೆ, ಬ್ರಷ್ ಕಟರ್ ತಗೊಳ್ಲಾ, ಚೈನ್ ಸಾ ತಗೊಳ್ಲಾ, ಜೆಸಿಬಿ ಕರೆಸ್ಲಾ?

ಸಾಗರದ ಹತ್ರ ಅಜ್ಜನ ಮನೆ, ಎಂಟು ವರ್ಷದಿಂದ ಬಾಗಿಲು ಹಾಕಿತ್ತು, ಈಗ ಹಳು ಬೆಳ್ದು ಬಾವಿ ಎಲ್ಲಿದೆ ಅಂತಾನೇ ಕಾಣಲ್ಲ, ಬಜೆಟ್ ನಲವತ್ತು ಸಾವಿರ ಅಂದಿದ್ದೀರಿ. ನಾನೂ ಅದೇ ಕಡೆಯವ್ನೇ. ನಮ್ಮನೆ ಹಿಂದಿನ ಎರಡು ಎಕರೆ ಹದಕ್ಕೆ ತರೋಕೆ ಮೂರು ವರ್ಷ ಹಿಡೀತು, ಅಷ್ಟ್ರಲ್ಲಿ ಒಂದು ಮಿಷನ್ ಸುಟ್ಕೊಂಡೆ, ಒಂದ್ಸಲ ಜೆಸಿಬಿ ಹೊಡ್ಸಿ ಆಮೇಲೆ ಕೈ ಕೈ ಹಿಸುಕ್ಕೊಂಡೆ. ಹಾಗಾಗಿ ನೇರ ಹೇಳ್ಬಿಡ್ತೀನಿ, ಬ್ರಷ್ ಕಟರ್ (ಹೆಗಲಿಗೆ ನೇತಾಕ್ಕೊಂಡು ಹಳು ಕೊಯ್ಯೋ ಮಿಷನ್) ಒಂದನ್ನ ಮಾತ್ರ ಕೊಂಡ್ಕೊಳ್ಳಿ, ಚೈನ್ ಸಾ ಇರೋರನ್ನ ಕೂಲಿಗೆ ಕರೀರಿ, ಜೆಸಿಬಿ ಬೇಡ.

ಜೆಸಿಬಿ ಯಾಕೆ ಬೇಡ ಅಂದ್ರೆ, ಅದು ಹಳು ತೆಗೆಯಲ್ಲ, ಹಳು ಜೊತೆ ಮಣ್ಣನ್ನೂ ತೆಗೆಯುತ್ತೆ. ನಾನು ಮಾರ್ಚಲ್ಲಿ ಹಿಂದಿನ ಇಳಿಜಾರು ಹೊಡ್ಸಿದ್ದೆ, ಸಂಜೆ ಹೊತ್ತಿಗೆ ಕ್ರಿಕೆಟ್ ಆಡ್ಬಹುದು ಅನ್ನೋ ಹಾಗೆ ಬೋಳಾಗಿತ್ತು, ನೋಡಿ ಖುಷಿಪಟ್ಟಿದ್ದೇ ಪಟ್ಟಿದ್ದು. ಜೂನ್ ಮಳೆ ಹಿಡೀತು ನೋಡಿ, ಮೇಲ್ಮಣ್ಣೆಲ್ಲ ಹೋಗಿ ಕೆಳಗಿನ ಅಡಿಕೆ ತೋಟದ ಬಸಿಗಾಲುವೆಲಿ ಕೂತ್ಕೊಳ್ತು, ಮೇಲೆ ಉಳಿದಿದ್ದು ಬರೀ ಜಂಬಿಟ್ಟಿಗೆ ಕಲ್ಲು. ಅದೂ ಸಾಲ್ದು ಅಂತ ಮಣ್ಣು ಕೆದಕಿದ ಕಡೆಯೆಲ್ಲ ದೀಪಾವಳಿ ಹೊತ್ತಿಗೆ ಯುಪಟೋರಿಯಂ ಕಳೆ ಎದೆಮಟ್ಟ. ಹೊಸದಾಗಿ ಮನೆ ಪಾಯ ತೆಗೆಯೋದಾದ್ರೆ, ದಾರಿ ಮಾಡೋದಾದ್ರೆ ಜೆಸಿಬಿ ಸರಿ, ಅದು ಬೇರೆ ಮಾತು.

ಬ್ರಷ್ ಕಟರ್ ತಗೊಳೋವಾಗ ಎಲ್ರೂ ಎಷ್ಟು ಸಿಸಿ ಅಂತ ಕೇಳ್ತಾರೆ, ಮುಂದೆ ಯಾವ ಬ್ಲೇಡ್ ಹಾಕ್ಬೇಕು ಅಂತ ಯಾರೂ ಕೇಳಲ್ಲ, ಕೆಲಸ ಮಾಡೋದು ಬ್ಲೇಡೇ ಮಾರಾಯ್ರೆ. ನೈಲಾನ್ ದಾರ ಬರೀ ಅಂಗಳದ ಹುಲ್ಲಿಗೆ, ಲಂಟಾನ ಪೊದೆಗೆ ಕೊಟ್ರೆ ಎರಡೇ ನಿಮಿಷದಲ್ಲಿ ಬಳ್ಳಿ ಸುತ್ಕೊಂಡು ನಿಂತೋಗುತ್ತೆ. ಬೆರಳು ದಪ್ಪದ ಪೊದೆ, ಮುಳ್ಳು, ಬಳ್ಳಿ ಇದಕ್ಕೆಲ್ಲ ಮೂರು ಹಲ್ಲಿನ ಬ್ಲೇಡ್. ಮಣಿಕಟ್ಟು ದಪ್ಪದ ಲಂಟಾನ ಬುಡಕ್ಕೆ, ಅಕೇಶಿಯ ಸಸಿಗೆ ಎಂಬತ್ತು ಹಲ್ಲಿನ ಗರಗಸದ ಬ್ಲೇಡ್ ಹಾಕಿ. ಅದನ್ನ ಮಾತ್ರ ಕತ್ತಿ ಬೀಸಿದ ಹಾಗೆ ಬೀಸ್ಬಾರ್ದು, ಫುಲ್ ಸ್ಪೀಡ್ ಕೊಟ್ಟು ಬುಡಕ್ಕೆ ಮೆಲ್ಲಗೆ ಒತ್ಬೇಕು. ಬ್ಲೇಡನ್ನ ಗಡಿಯಾರ ಅಂದ್ಕೊಳ್ಳಿ, ಅದು ಎಡಕ್ಕೆ ಸುತ್ತುತ್ತೆ, ಎಂಟರಿಂದ ಹನ್ನೊಂದು ಗಂಟೆ ಇರೋ ಎಡಭಾಗದಲ್ಲೇ ಕೊಯ್ಯಿರಿ, ಹನ್ನೆರಡರಿಂದ ಮೂರು ಗಂಟೆ ಭಾಗ ಗಟ್ಟಿ ಬುಡಕ್ಕೆ ತಾಗ್ತು ಅಂದ್ರೆ ಇಡೀ ಮಿಷನ್ ಒದ್ದ ಹಾಗೆ ಬಲಕ್ಕೆ ಎಸೆಯುತ್ತೆ, ಪಕ್ಕದಲ್ಲಿ ಯಾರಾದ್ರೂ ಇದ್ರೆ ಅವರ ಕಾಲು ಹೋಯ್ತು ಅಂತಾನೇ ಲೆಕ್ಕ. ಮಿಷನ್ ಮೇಲೇ ಹದಿನೈದು ಮೀಟರ್ ದೂರ ಇರಿ ಅಂತ ಸ್ಟಿಕ್ಕರ್ ಇರುತ್ತೆ. ನಾನು ಅದನ್ನ ನಂಬಿರ್ಲಿಲ್ಲ, ಇಪ್ಪತ್ತು ಹೆಜ್ಜೆ ಆಚೆ ನಿಲ್ಸಿದ್ದ ನನ್ನದೇ ಸ್ಕೂಟರ್ ಹೆಡ್‌ಲೈಟಿಗೆ ಒಂದು ಕಲ್ಲು ಹೋಗಿ ಕೂತ ಮೇಲೆ ನಂಬ್ದೆ.

ಎಂಜಿನ್ ವಿಷಯಕ್ಕೆ ಬಂದ್ರೆ ನಿಮಗೆ ಫೋರ್ ಸ್ಟ್ರೋಕ್, 35 ಸಿಸಿ ಆಸುಪಾಸಿನದ್ದು ಸಾಕು, ಹೋಂಡಾದಲ್ಲಿ ಸಿಗುತ್ತೆ. ಟೂ ಸ್ಟ್ರೋಕ್ ಹಗುರ, ಜೋರೂ ಹೌದು, ಆದ್ರೆ ಪೆಟ್ರೋಲಿಗೆ ಆಯಿಲ್ ಕಲಸ್ಬೇಕು, ಕಂಪನಿ ಆಯಿಲ್ ಆದ್ರೆ ಸಾಮಾನ್ಯವಾಗಿ ಲೀಟರಿಗೆ 20 ಎಂಎಲ್, ಸಾದಾ 2ಟಿ ಆಯಿಲ್ ಆದ್ರೆ 40. ನಮ್ಮನೆಗೆ ಕೆಲಸಕ್ಕೆ ಬಂದಿದ್ದ ಹುಡುಗ ಪಕ್ಕದ ಕ್ಯಾನಿಂದ ಬರೀ ಪೆಟ್ರೋಲ್ ಸುರಿದ, ಅರ್ಧ ಗಂಟೆ ಓಡ್ತು, ಕರ್ ಅಂತು, ಪಿಸ್ಟನ್ ಸೀಜ್. ತಪ್ಪು ಅವನದ್ದಲ್ಲ ಬಿಡಿ, ಎರಡೂ ಕ್ಯಾನ್ ಒಂದೇ ಥರ ಇಟ್ಟಿದ್ದು ನಾನು. ನೀವು ತಿಂಗಳಿಗೊಮ್ಮೆ ಬರೋರು, ಈ ರಗಳೆ ಬೇಡ. ಎರಡ್ರಲ್ಲಿ ಯಾವುದೇ ಆಗ್ಲಿ, ಮಳೆಗಾಲಕ್ಕೆ ಎತ್ತಿಡೋ ಮುಂಚೆ ಟ್ಯಾಂಕ್ ಖಾಲಿ ಮಾಡಿ ಅದಾಗೇ ಆಫ್ ಆಗೋವರೆಗೂ ಓಡ್ಸಿ, ಇಲ್ಲಾಂದ್ರೆ ಕಾರ್ಬೊರೇಟರ್ ಕಟ್ಕೊಳ್ಳುತ್ತೆ. ಪಹಣಿ ನಿಮ್ಮ ಮನೆಯವರ ಹೆಸರಲ್ಲಿದ್ದು ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ನಂಬರ್) ಆಗಿದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಇದೆಯಾ ವಿಚಾರಿಸಿ. ಮೊದಲು ಅಂಗಡಿಲಿ ಕೊಂಡು ಆಮೇಲೆ ಬಿಲ್ ಹಿಡ್ಕೊಂಡು ಹೋಗ್ಬೇಡಿ.

ಲಂಟಾನ ಮಾತ್ರ ಮಿಷನ್ನಿಂದ ಸಾಯಲ್ಲ, ಬರೀ ಮೇಲೆ ಸವರಿದ್ರೆ ಒಂದಿದ್ದಿದ್ದು ಹತ್ತು ಚಿಗುರಾಗಿ ಬರುತ್ತೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಅವರ ತಂಡ ತೋರ್ಸಿಕೊಟ್ಟ ಒಂದು ದಾರಿ ಇದೆ, ಮಣ್ಣಿಂದ ಒಂದೆರಡು ಇಂಚು ಕೆಳಗೆ ತಾಯಿಬೇರು ಕಡಿದು, ಪೊದೆನ ಬುಡ ಮೇಲಾಗಿ ಕವುಚಿ ಒಣಗೋಕೆ ಬಿಡೋದು. ಅದು ಚಿಗುರೋದು ಕಾಂಡ ಬೇರು ಸೇರೋ ಆ ಗಂಟಿಂದ, ಗಂಟು ಹೋದ್ರೆ ಮುಗೀತು. ಇದಕ್ಕೆ ಬೇಕಿರೋದು ಪಿಕಾಸಿ, ಅಷ್ಟೇ. ಅಕ್ಟೋಬರ್ ನವೆಂಬರಲ್ಲಿ ಮಣ್ಣು ಇನ್ನೂ ಹಸಿ ಇರೋವಾಗ ಸುಲಭಕ್ಕೆ ಬರುತ್ತೆ, ಮಾರ್ಚಲ್ಲಿ ಹೋದ್ರೆ ಪಿಕಾಸಿ ಕಾವೇ ಮುರಿಯುತ್ತೆ.

ದೊಡ್ಡ ಮರ ಎಷ್ಟಿದೆ ನೀವು ಬರ್ದಿಲ್ಲ. ಐದಾರು ಮರಕ್ಕೆ ಚೈನ್ ಸಾ ಕೊಳ್ಳೋದು ಒಂದು ಮದುವೆಗೆ ಛತ್ರ ಕಟ್ಸಿದ ಹಾಗೆ. ದಿನಾ ಕೊಯ್ಯೋರನ್ನ ಕರೀರಿ, ಮರ ಯಾವ ಕಡೆ ಬೀಳುತ್ತೆ ಅಂತ ಅವರಿಗೆ ಗೊತ್ತಿರುತ್ತೆ. ಆದ್ರೆ ಅದಕ್ಕೂ ಮುಂಚೆ ಅರಣ್ಯ ಇಲಾಖೆಯ ಆರ್‌ಎಫ್‌ಒ ಆಫೀಸಿಗೆ ಹೋಗಿ ಬನ್ನಿ, 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು, ಕೆಲವು ಜಾತಿಗೆ ಮಾತ್ರ ವಿನಾಯ್ತಿ. ಬೀಟೆ, ಗಂಧ ಕಂಡ್ರೆ ಕೊಂಬೆನೂ ಮುಟ್ಬೇಡಿ. ಇನ್ನೊಂದು, ಮನೆ ಹಿಂದೆ ಇರೋದು ಸೊಪ್ಪಿನ ಬೆಟ್ಟ ಆಗಿದ್ರೆ ಅಲ್ಲಿ ನಿಮಗಿರೋದು ತೋಟಕ್ಕೆ ಸೊಪ್ಪು ತರೋ ಹಕ್ಕು, ಜಾಗ ನಿಮ್ಮದಲ್ಲ. ಪಟ್ಟಣದಿಂದ ಬಂದೋರು ಎಡವೋದು ಇಲ್ಲೇ, ಅಜ್ಜ ನಮ್ದು ಅಂತಿದ್ರು ಅಂತ ಕಡ್ದು ಕೇಸ್ ಹಾಕ್ಸಿಕೊಳ್ತಾರೆ. ಕರೆಂಟ್ ತಂತಿಗೆ ತಾಗೋ ಕೊಂಬೆ ಇದ್ರೆ ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡೋವರೆಗೂ ಕಾಯಿರಿ.

ಮರೆಯೋ ಮುಂಚೆ ಉಣುಗಿನ ವಿಷಯ. ಅದು ಕಚ್ಚಿದ್ರೆ ಬರೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 2018-19ರಲ್ಲಿ ನಮ್ಮ ಅರಳಗೋಡು ಕಡೆ ಎಷ್ಟು ಜನ ಮಲಗಿದ್ರು ಅಂತ ಊರೋರನ್ನ ಕೇಳಿ. ಡಿಸೆಂಬರಿಂದ ಮೇವರೆಗೆ ಜಾಸ್ತಿ, ಅದಕ್ಕೇ ದೊಡ್ಡ ಕೆಲಸ ಎಲ್ಲ ನವೆಂಬರ್ ಒಳಗೇ ಮುಗ್ಸಿ ಅನ್ನೋದು. ಆಮೇಲೂ ಹೋಗ್ಬೇಕಾದ್ರೆ ಉಣುಗು ಹತ್ರ ಬರದ ಹಾಗೆ ಆಸ್ಪತ್ರೆಲಿ ಕೊಡೋ ಡೇಪಾ ಎಣ್ಣೆ ಹಚ್ಕೊಳ್ಳಿ, ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡ್ರೆ ಕೆಲಸ ಅಲ್ಲೇ ನಿಲ್ಸಿ ಆಸ್ಪತ್ರೆಗೆ ತಿಳ್ಸಿ. ಗಮ್‌ಬೂಟು, ಕಣ್ಣಿಗೆ ಜಾಲರಿ ಮಾಸ್ಕು ಇಲ್ದೆ ಮಿಷನ್ ಸ್ಟಾರ್ಟ್ ಮಾಡ್ಬೇಡಿ.

ಇನ್ನು ಬಾವಿ. ಎಲ್ಲಿದೆ ಗೊತ್ತಿಲ್ಲ ಅಂದ್ರಲ್ಲ, ಹಳೇ ಬಾವಿಗೆ ಕಟ್ಟೆ ಇರುತ್ತೋ ಇಲ್ವೋ, ಹೆಗಲಿಗೆ ಮಿಷನ್ ನೇತಾಕ್ಕೊಂಡು ಮೇಲೆ ನೋಡ್ತಾ ಹೋದ್ರೆ ನೇರ ಒಳಗೆ. ಮಿಷನ್ ತರೋಕೂ ಮುಂಚೆ ಅಕ್ಕಪಕ್ಕದಲ್ಲಿ ವಯಸ್ಸಾದೋರು ಯಾರಾದ್ರೂ ಇದ್ರೆ ಕರ್ಕೊಂಡು ಬಂದು ಬಾವಿ, ಹಳೇ ಗೊಬ್ಬರಗುಂಡಿ ಎರಡೂ ಎಲ್ಲಿ ಅಂತ ತೋರ್ಸಿ ಅನ್ನಿ, ಉದ್ದನೇ ಕೋಲಲ್ಲಿ ನೆಲ ಕುಟ್ಕೊಂಡೇ ಹೋಗಿ, ಸುತ್ತ ಹತ್ತು ಅಡಿ ಕತ್ತಿಲೇ ಸವರಿ, ನಾಲ್ಕು ಗೂಟ ಹೊಡ್ದು ಕೆಂಪು ಬಟ್ಟೆ ಕಟ್ಟಿ.